ಹಿತ್ತಿಲೂ ಒಲೆಯೂ: ಕಾಸರಗೋಡಿನ ಮನೆಯಡುಗೆಯ ಚರಿತ್ರೆ

ಒಂದು ನಾಡಿನ ಚರಿತ್ರೆಯನ್ನು ಬರೆಯಹೊರಟವರು ಶಾಸನಗಳನ್ನು ಓದುತ್ತಾರೆ, ಕೋಟೆಗಳನ್ನು ಅಳೆಯುತ್ತಾರೆ, ದೇವಾಲಯಗಳ ಕಾಲನಿರ್ಣಯ ಮಾಡುತ್ತಾರೆ. ಅವೆಲ್ಲವೂ ಅವಶ್ಯವೇ. ಬೇಕಲದ ಕೋಟೆಯೂ ಕುಂಬಳೆಯ ಅರಸುಮನೆತನವೂ ನಮ್ಮ ಪೂರ್ವಚರಿತ್ರೆಯ ಅಂಗಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರಸರು ಬಂದು ಹೋದರೂ, ಗಡಿಗಳು ಬದಲಾದರೂ, ದಿನವೂ ತಪ್ಪದೆ ನಡೆದುಬಂದ ಕಾರ್ಯವೊಂದುಂಟು. ಅದು ಮನೆಯ ಅಡುಗೆ. ಹಿತ್ತಿಲಿನಲ್ಲಿ ಬೆಳೆದ ಕಾಯಿಪಲ್ಯದಿಂದ, ಕಡಮೆ ವೆಚ್ಚದಲ್ಲಿ, ಮನೆಮಂದಿಯೆಲ್ಲರ ಹೊಟ್ಟೆ ತುಂಬಿಸಿದ ನಮ್ಮ ಹೆಂಗಸರ ವಿದ್ಯೆಗೆ ತಾಮ್ರಶಾಸನವಿಲ್ಲ. ಅದರ ದಾಖಲೆಗಳಿರುವುದು ಮಾತಿನಲ್ಲಿ, ಗಿಡಗಳ ಹೆಸರುಗಳಲ್ಲಿ, ಅಡುಗೆಯ ಕ್ರಮಗಳಲ್ಲಿ. ಈ ವಿದ್ಯೆಯೂ ನಮ್ಮ ಭಾಷೆಯೂ ಒಂದೇ ಬೇರಿನಿಂದ ನೀರು ಕುಡಿದವು. ಒಂದು ಒಣಗಿದರೆ ಇನ್ನೊಂದು ಬಾಡುವುದು. ಇದನ್ನು ಕಾಸರಗೋಡಿನ ಸೀಮೆಯ ಉದಾಹರಣೆಯಿಂದ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. ಮದರಾಸು ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಂದು ಹೋಗುತ್ತದೆ. ಘಟ್ಟದ ಮೇಲಿನ ಊರುಗಳಂತೆ ಇಲ್ಲಿ ಮನೆಗಳು ಕೇರಿಗಟ್ಟಿ ನಿಂತಿಲ್ಲ. ಮೇಲೆ ಗುಡ್ಡ, ಕೆಳಗೆ ತೋಟ, ಅದರಾಚೆ ಗದ್ದೆ, ನಡುವೆ ಒಂಟಿಮನೆ. ಮನೆಯ ಸುತ್ತ ಹಿತ್ತಿಲು. ಈ ಕ್ರಮ ಇಂದು ನಿನ್ನೆಯದಲ್ಲ. 14ನೆಯ ಶತಮಾನದಲ್ಲಿ ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನು ಕಂಡ ಇಬ್ನ್ ಬತೂತನು, ಇಲ್ಲಿ ಗೇಣು ನೆಲವನ್ನೂ ಬೀಳುಬಿಟ್ಟಿಲ್ಲವೆಂದೂ, ಪ್ರತಿಯೊಬ್ಬನಿಗೂ ತನ್ನದೇ ತೋಟವಿದ್ದು ಅದರ ನಡುವೆ ಮನೆ, ಸುತ್ತ ಮರದ ಬೇಲಿ ಇರುವುದೆಂದೂ ಹೇಳಿದ್ದಾನೆ. ಒಂಟಿಮನೆಗೆ ಅಂಗಡಿ ದೂರ. ಮಳೆಗಾಲದಲ್ಲಿ ತೋಡು ಹೊಳೆಗಳು ತುಂಬಿದರೆ ಪೇಟೆಗೆ ಹೋಗುವ ಮಾತೇ ಇಲ್ಲ. ಆದುದರಿಂದ ಹಿತ್ತಿಲು ಇಲ್ಲಿ ವಿನೋದಕ್ಕಾಗಿ ಹುಟ್ಟಿದುದಲ್ಲ. ಅದು ಆ ಮನೆಯ ಸಂತೆಯೇ ಆಗಿದ್ದಿತು.

ಬೇಸಗೆಯಲ್ಲಿ ಈ ಹಿತ್ತಿಲಿಗೆ ನೀರೂಡಿದುದು ಸುರಂಗ. ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ, ಒಬ್ಬ ಮನುಷ್ಯನು ಹೊಕ್ಕು ನಡೆಯುವಷ್ಟು ಅಗಲಕ್ಕೆ ಕೊರೆದ ಈ ಬಿಲಗಳಿಂದ ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಸೇದುವ ಶ್ರಮವಿಲ್ಲ, ಎತ್ತಿನ ವೆಚ್ಚವಿಲ್ಲ. ಅಡುಗೆಮನೆಯ ಕೊಚ್ಚೆನೀರೂ ವ್ಯರ್ಥವಾಗುತ್ತಿರಲಿಲ್ಲ. ಪಾತ್ರೆ ತೊಳೆದ ನೀರು ಹರಿಯುವಲ್ಲಿಯೇ ಬಸಳೆಯ ಚಪ್ಪರ, ಬಚ್ಚಲಿನ ಹೊರಗೆ ಕೆಸು ಮತ್ತು ಬಾಳೆ.

ಅಡುಗೆಯನ್ನು ವಿದ್ಯೆಯೆಂದು ಎಣಿಸಿ ಗ್ರಂಥಸ್ಥಗೊಳಿಸಿದ ಹೆಮ್ಮೆ ಕನ್ನಡಕ್ಕೆ ಬಹು ಹಿಂದಿನಿಂದಲೇ ಉಂಟು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಒಂದೇ ಹೊದಿಕೆಯೊಳಗೆ ಸೇರಿವೆ. ಗಿಡವನ್ನು ಬೆಳೆಸುವ ವಿದ್ಯೆಗೂ ಬೇಯಿಸುವ ವಿದ್ಯೆಗೂ ಆತನು ಒಂದೇ ಗ್ರಂಥದಲ್ಲಿ ಎಡೆಗೊಟ್ಟನೆಂಬುದು ಗಮನಾರ್ಹ. ಚಂಗಾಳ್ವರ ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು 1508ರ ಸುಮಾರಿಗೆ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದನು. ಬದನೆ, ಹಲಸು, ಬಾಳೆ ಇವುಗಳಿಂದ ಮಾಡುವ ಬಗೆಬಗೆಯ ಪಾಕಗಳು ಅಲ್ಲಿವೆ. ಇವು ಪಂಡಿತರ, ಉಳ್ಳವರ ಅಡುಗೆಯ ಗ್ರಂಥಗಳು. ತುಪ್ಪ ಸುಗಂಧಗಳಿಗೆ ಅಲ್ಲಿ ಕೊರತೆಯಿಲ್ಲ. ನಮ್ಮ ಹಿತ್ತಿಲಿನ ಅಡುಗೆ ಅವನ್ನು ಓದಿ ಹುಟ್ಟಿದುದಲ್ಲ. ಆದರೂ ಒಂದೇ ಬಾಳೆಯಿಂದ, ಒಂದೇ ಹಲಸಿನಿಂದ ಹಲವು ಪದಾರ್ಥಗಳನ್ನು ತೆಗೆಯುವ ಜಾಣ್ಮೆ ಎರಡರಲ್ಲಿಯೂ ಸಮಾನ.

ಈ ಗ್ರಂಥಗಳಲ್ಲಿ ನಾವು ಇಂದು ಬಳಸುವ ಮೆಣಸಿನಕಾಯಿ ಇಲ್ಲ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದ ಬಳಿಕ, ಪೋರ್ಚುಗೀಸರ ಹಡಗುಗಳ ಮೂಲಕ ಅಮೆರಿಕ ಖಂಡದ ಗಿಡಗಳು ಈ ಕರಾವಳಿಗೆ ಬಂದವು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ, ಸಿಹಿಗೆಣಸು, ಮರಗೆಣಸು, ಸಿಹಿಗುಂಬಳ ಇವೆಲ್ಲ ಆ ಖಂಡದ ಮೂಲದವು. ಅದಕ್ಕೆ ಮೊದಲು ಖಾರಕ್ಕೆ ಇದ್ದುದು ಬಳ್ಳಿಯ ಮೆಣಸು ಮತ್ತು ಶುಂಠಿ. ಹೊಸ ಕಾಯಿ ಬಂದು 'ಮೆಣಸು' ಎಂಬ ಹೆಸರನ್ನೇ ಕಸಿದುಕೊಂಡಿತು. ಆಗ ಹಳೆಯ ಮೆಣಸನ್ನು ನಮ್ಮವರು 'ಒಳ್ಳೆಮೆಣಸು' ಎಂದು ಕರೆದರು. ಮಲಯಾಳಿಗಳೂ ಹಾಗೆಯೇ 'ನಲ್ಲಮುಳಗು' ಎಂದರು. ಸಿಹಿಗುಂಬಳಕ್ಕೆ ನಮ್ಮಲ್ಲಿ 'ಚೀನಿಕಾಯಿ' ಎಂದು ಹೆಸರು. ಅದರ ಹುಟ್ಟೂರು ಚೀನವಲ್ಲ, ಅಮೆರಿಕ. ಆದರೆ ಕಡಲಾಚೆಯಿಂದ ಬಂದುದೆಂಬ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ. ಪಪ್ಪಾಯಿಯನ್ನು ಕನ್ನಡದ ಹಲವೆಡೆ 'ಪರಂಗಿಹಣ್ಣು' ಎನ್ನುವಲ್ಲಿ ಫರಂಗಿಯವರ ಗುರುತು ಸ್ಪಷ್ಟವಾಗಿಯೇ ಇದೆ. ಹೀಗೆ ಸಾಮ್ರಾಜ್ಯಗಳ ಚರಿತ್ರೆಯು ನಮ್ಮ ಅಜ್ಜಿಯರ ಮಾತಿನಲ್ಲಿ ಒಂದೊಂದು ಶಬ್ದವಾಗಿ ಉಳಿದಿದೆ. ಹೊರಗಿನಿಂದ ಬಂದ ಗಿಡವನ್ನು ಅವರು ದೂರವಿಡಲಿಲ್ಲ. ಹೆಸರಿಟ್ಟು, ಹಿತ್ತಿಲಿನ ಮೂಲೆಯಲ್ಲಿ ನೆಟ್ಟು, ಮನೆಯದನ್ನಾಗಿ ಮಾಡಿಕೊಂಡರು.

ಹಿತ್ತಿಲಿಗೆ ತನ್ನದೇ ಪಂಚಾಂಗವಿದ್ದಿತು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯು ಮಳೆಗಾಲದ ಹೊಸ್ತಿಲು. ಆ ವೇಳೆಗೆ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಗಳ ಬೀಜ ಮಣ್ಣಿಗೆ ಬೀಳಬೇಕು. ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ, ಕಷ್ಟದ ತಿಂಗಳು. ಕಣಜದ ಬತ್ತ ತಳ ಕಂಡಿರುತ್ತದೆ, ಹೊಸ ಬೆಳೆ ಇನ್ನೂ ಗದ್ದೆಯಲ್ಲಿರುತ್ತದೆ. ಆಗ ತಾನಾಗಿ ಹುಟ್ಟಿದ ತಗತೆಯ ಸೊಪ್ಪು, ಕೆಸುವಿನ ಎಲೆ, ಬಿದಿರಿನ ಕಣಿಲೆ ಇವುಗಳೇ ಗತಿ. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಯಿಟ್ಟೇ ಬೇಯಿಸಬೇಕೆಂಬ ನಿಯಮ ತಪ್ಪಿದರೆ ವಿಷ. ಕೆಸುವಿಗೆ ಹುಣಸೆಯನ್ನೋ ಅಂಬಟೆಯನ್ನೋ ಸೇರಿಸದಿದ್ದರೆ ಗಂಟಲು ತುರಿಸುವುದು. ಆ ತುರಿಕೆಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಕಾರಣವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಕಾರಣವನ್ನು ಅರಿಯದಿದ್ದರೂ ಪರಿಹಾರವನ್ನು ಅರಿತಿದ್ದವರು ನಮ್ಮ ಹಿರಿಯರು. ಏಣೇಲು, ಸುಗ್ಗಿ ಬೆಳೆಗಳು ಮುಗಿದ ಬಳಿಕ ಗದ್ದೆಯಲ್ಲಿಯೇ ಸಾಲು ಕಡಿದು ಸೌತೆ, ಅಲಸಂಡೆ, ಹರಿವೆ, ಕುಂಬಳಗಳನ್ನು ಬೆಳೆಯುತ್ತಿದ್ದರು.

ಬೆಳೆದುದಕ್ಕಿಂತ ಮಿಗಿಲಾದ ಜಾಣ್ಮೆ ಇದ್ದುದು ಉಳಿಸಿಕೊಳ್ಳುವುದರಲ್ಲಿ. ಬೇಸಗೆಯ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲೋ ಮಡಲಿನ ಸೀಳಿನಲ್ಲೋ ಕಟ್ಟಿ, ಒಂದಕ್ಕೊಂದು ತಾಗದಂತೆ ಪಕ್ಕಾಸಿಗೆ ತೂಗಹಾಕಿದರೆ ಅವು ಮಳೆಗಾಲದವರೆಗೂ ಕೆಡುತ್ತಿರಲಿಲ್ಲ. ಬೆಳೆದ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಮುಚ್ಚಿಡುತ್ತಿದ್ದರು. ಹಲಸಿನ ಬೇಳೆಯನ್ನು ಕೆಮ್ಮಣ್ಣು ಸವರಿ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಮಾವಿನ ಮಿಡಿ ಉಪ್ಪಿನಕಾಯಿಗೆ, ಬಲಿತ ಕಾಡುಮಾವು ಉಪ್ಪುನೀರಿಗೆ, ಪುನರ್ಪುಳಿಯ ಸಿಪ್ಪೆ ಬಿಸಿಲಿಗೆ. ಮರುವರ್ಷದ ಬೀಜಕ್ಕೆಂದು ಬಿಟ್ಟ ಹೀರೆ ಒಲೆಯ ಮೇಲಿನ ಹೊಗೆಯಲ್ಲಿ ತೂಗುತ್ತಿತ್ತು. ಸಾಲಿನಲ್ಲಿ ಮೊದಲು ಬಲಿತ ಅತ್ಯುತ್ತಮವಾದ ಕಾಯನ್ನು ತಿನ್ನದೆ ಬೀಜಕ್ಕೆ ಬಿಡುವ ಸಂಯಮವೇ ಮಿತವ್ಯಯದ ಮೊದಲನೆಯ ಪಾಠ.

ಎರಡನೆಯ ಪಾಠ ಒಲೆಯ ಬಳಿಯದು. ಎಂಟು ಮಂದಿ ಉಣ್ಣುವ ಮನೆಗೆ ಒಂದು ದಿನದ ಮಧ್ಯಾಹ್ನದ ಊಟ ಹೇಗೆ ಸಿದ್ಧವಾಗುತ್ತಿತ್ತೆಂಬುದನ್ನು ನೋಡೋಣ. ಇರುವುದು ಒಂದು ದೊಡ್ಡ ಸೌತೆಕಾಯಿ, ಒಂದು ಕಟ್ಟು ಹರಿವೆ, ಒಂದು ತೆಂಗಿನಕಾಯಿ, ಹಿಡಿಯಷ್ಟು ಒಂದೆಲಗ, ಒಂದು ಚೆಂಬು ಮಜ್ಜಿಗೆ. ಸೌತೆಯ ಹೋಳಿಗೆ ಹರಿವೆಯ ದಂಟನ್ನು ಸೇರಿಸಿ ಹುಳಿ. ತೊಗರಿಬೇಳೆ ಅಂಗಡಿಯ ಸಾಮಾನಾದುದರಿಂದ ಅದಿಲ್ಲದೆಯೇ, ಅರ್ಧ ತೆಂಗಿನಕಾಯಿಯ ಅರೆಪ್ಪಿನಿಂದಲೇ ಹುಳಿ ಮಂದವಾಗುತ್ತಿತ್ತು. ಹರಿವೆಯ ಎಲೆ ಪಲ್ಯಕ್ಕೆ. ಸೌತೆಯ ಸಿಪ್ಪೆಯನ್ನು ಬೇಯಿಸಿ, ಕಾಲುಭಾಗ ತೆಂಗಿನಕಾಯಿಯೊಡನೆ ಅರೆದು ಚಟ್ನಿ. ತಿರುಳು ಬೀಜಗಳನ್ನು ಅರೆದು ಸೋಸಿ ತೆಗೆದ ಹಾಲಿನಿಂದ ಸಾರು. ಉಳಿದ ಕಾಲುಭಾಗ ತೆಂಗಿನಕಾಯಿಯನ್ನು ಒಂದೆಲಗದೊಡನೆ ನುಣ್ಣಗೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ಹುಳಿ, ಪಲ್ಯ, ಚಟ್ನಿ, ಸಾರು, ತಂಬುಳಿ ಎಂದು ಬಾಳೆಲೆಯ ಮೇಲೆ ಐದು ಪದಾರ್ಥಗಳು. ಪೇಟೆಯಿಂದ ಬಂದುದು ಉಪ್ಪು ಮತ್ತು ಒಗ್ಗರಣೆಯ ಸಾಸಿವೆ ಮಾತ್ರ. ತಂಬುಳಿಗೆ ಒಲೆಯ ಉರಿಯೂ ಬೇಡ. ಸೌದೆಯ ಉಳಿತಾಯವೂ ಅದರಲ್ಲಿ ಸೇರಿದೆ. ಅಕ್ಕಿ ತೊಳೆದ ನೀರು, ತರಕಾರಿಯ ಅಳಿದುಳಿದ ಚೂರು ಎಲ್ಲವೂ ಅಕ್ಕಚ್ಚಾಗಿ ಹಟ್ಟಿಯ ದನಕ್ಕೆ. ಹಟ್ಟಿಯ ಗೊಬ್ಬರ ಮತ್ತೆ ಹಿತ್ತಿಲಿಗೆ. ಉಂಡ ಬಾಳೆಲೆ ಬಾಳೆಯ ಬುಡಕ್ಕೆ. ಈ ಚಕ್ರದಲ್ಲಿ ಕಸವೆಂಬ ವಸ್ತುವೇ ಇರಲಿಲ್ಲ.

ಬಡತನದಿಂದ ಹುಟ್ಟಿದ ಈ ಊಟವನ್ನು ಕೊಂಡಾಡುವಾಗ ಒಂದು ಸತ್ಯವನ್ನು ಮರೆಯಬಾರದು. ಹಿತ್ತಿಲು ಎಲ್ಲರದಾಗಿರಲಿಲ್ಲ. ಒಡೆಯನ ನೆಲದ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ಕೂಲಿ ಮಾಡಿದವರಿಗೆ, ತಾವು ನೆಟ್ಟ ನುಗ್ಗೆಯ ಕೋಲು ಮರವಾಗುವ ತನಕ ಅಲ್ಲಿಯೇ ಇರುತ್ತೇವೆಂಬ ಭರವಸೆ ಇರಲಿಲ್ಲ. ಅವರ ಅಡುಗೆ ಗುಡ್ಡದ ಸೊಪ್ಪು, ತೋಡಿನ ಮೀನು, ಗಂಜಿಯ ತಿಳಿ ಇವುಗಳಿಂದ ನಡೆಯುತ್ತಿತ್ತು. ಯಾವ ಸೊಪ್ಪು ಉಣ್ಣಲು ಯೋಗ್ಯ, ಯಾವುದು ಅಯೋಗ್ಯವೆಂಬ ಅರಿವು ಅವರಲ್ಲಿ ಇದ್ದಷ್ಟು ತೋಟದವರಲ್ಲಿಯೂ ಇರಲಿಲ್ಲವೆಂದರೆ ಉತ್ಪ್ರೇಕ್ಷೆಯಲ್ಲ. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದಾಗ, ಪಂಚಾಯತು ಪ್ರದೇಶಗಳಲ್ಲಿ ಇಂತಹ ಗುಡಿಸಲುವಾಸಿಗಳಿಗೆ 10 ಸೆಂಟ್ಸು ನೆಲವನ್ನು ತಮ್ಮದಾಗಿಸಿಕೊಳ್ಳುವ ಹಕ್ಕು ದೊರೆಯಿತು. 10 ಸೆಂಟ್ಸು ದೊಡ್ಡ ಆಸ್ತಿಯಲ್ಲ. ಆದರೆ ಎರಡು ತೆಂಗು, ಒಂದು ನುಗ್ಗೆ, ಒಂದು ಬಸಳೆಯ ಚಪ್ಪರ, ನಾಲ್ಕು ಬಾಳೆಗೆ ಅಷ್ಟು ಸಾಕು. ನಮ್ಮ ಸೀಮೆಯ ಅಡುಗೆಯ ಚರಿತ್ರೆಯಲ್ಲಿ ಆ ದಿನಾಂಕಕ್ಕೆ ಯಾವ ಅರಸನ ಪಟ್ಟಾಭಿಷೇಕಕ್ಕಿಂತಲೂ ಹೆಚ್ಚಿನ ಸ್ಥಾನ ಸಲ್ಲಬೇಕು.

ಹಿತ್ತಿಲಿನ ಬೆಲೆ ಕ್ಷಾಮದ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದೊಡನೆ ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. 1943ರಲ್ಲಿ ಬಂಗಾಲ ಹಸಿವಿನಿಂದ ಸತ್ತಿತು. ಮದರಾಸು ಪ್ರಾಂತದಲ್ಲಿ ಧಾನ್ಯಕ್ಕೆ ನಿಯಂತ್ರಣ, ಪಡಿತರದ ಚೀಟಿ ಬಂದವು. 1952ರ ಜೂನಿನಲ್ಲಿ ರಾಜಾಜಿಯವರು ತೆಗೆದುಹಾಕುವವರೆಗೂ ಆ ನಿಯಂತ್ರಣ ಒಂದಲ್ಲ ಒಂದು ರೂಪದಲ್ಲಿ ಮುಂದುವರಿಯಿತು. ಅಳೆದು ಕೊಟ್ಟ ಅಕ್ಕಿ ಸಾಲದ ಮನೆಗಳಲ್ಲಿ ಮರಗೆಣಸು ಒಲೆಯೇರಿತು. ತಿರುವಿತಾಂಕೂರಿನ ಅರಸ ವಿಶಾಖಂ ತಿರುನಾಳನು 1880ರ ದಶಕದಲ್ಲಿ ಬಡವರ ಆಹಾರವೆಂದು ಪ್ರಚಾರ ಮಾಡಿದ ಗೆಡ್ಡೆಯದು. ಹಲಸಿನ ಕಾಲದಲ್ಲಿ ಬೆಳಗಿಗೆ ಸೊಳೆಯ ದೋಸೆ, ಮಧ್ಯಾಹ್ನಕ್ಕೆ ಸೊಳೆಯ ಹುಳಿ, ರಾತ್ರಿಗೆ ಬೇಳೆ ಬೆರೆಸಿದ ಗಂಜಿ. ಹಲಸು ಹಸಿದವನ ಮರವೆಂದು ನಮ್ಮ ಹಿರಿಯರು ನೆನೆಯುತ್ತಿದ್ದುದು ಬರಿಯ ಉಪಚಾರದ ಮಾತಲ್ಲ. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಸೋಮವಾರ ರಾತ್ರಿಯ ಊಟವನ್ನು ಬಿಡಿರೆಂದು ದೇಶಕ್ಕೆ ಕರೆಕೊಟ್ಟಾಗಲೂ, ಮನೆಯ ಸುತ್ತಣ ಕಾಯಿಪಲ್ಯದ ಬೆಲೆ ಜನರಿಗೆ ಮತ್ತೊಮ್ಮೆ ಮನವರಿಕೆಯಾಯಿತು.

ಇಷ್ಟೆಲ್ಲ ಪರೀಕ್ಷೆಗಳನ್ನು ದಾಟಿದ ಹಿತ್ತಿಲು ಅನುಕೂಲದ ದಿನಗಳಲ್ಲಿ ಕ್ಷೀಣಿಸಿತೆಂಬುದು ಸೋಜಿಗ. ಗದ್ದೆಗಳು ಅಡಕೆಯ ತೋಟಗಳಾದವು, ಗುಡ್ಡಗಳಿಗೆ ರಬ್ಬರು ಬಂದಿತು. ಹಣದ ಬೆಳೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ಅನೇಕರ ಮಕ್ಕಳು ಓದಿ ಮುಂದೆ ಬಂದರು. ಆದರೆ ಹಣದ ಬೆಳೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಅಡಕೆಯ ಧಾರಣೆಯ ಕುಸಿತದಿಂದ ಕಂಗೆಟ್ಟ ಬೆಳೆಗಾರರಿಗಾಗಿಯೇ 1973ರಲ್ಲಿ ಎರಡು ರಾಜ್ಯಗಳಿಗೂ ಸೇರಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಬೇಕಾಯಿತು. ಬಸಳೆಗೆ ಧಾರಣೆಯ ಏರಿಳಿತವಿಲ್ಲ. ಇನ್ನೊಂದು ಪೆಟ್ಟು ಆಕಾಶದಿಂದಲೇ ಬಿದ್ದಿತು. 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂಥ ಕನ್ನಡ ತುಳು ಮಾತಿನ ಊರುಗಳಲ್ಲಿ ಕೆರೆಗಾಗಲಿ, ತೋಡಿಗಾಗಲಿ, ಬಸಳೆಯ ಚಪ್ಪರಕ್ಕಾಗಲಿ ಮುಚ್ಚಳವಿರಲಿಲ್ಲ. ಹುಟ್ಟುವ ಮಕ್ಕಳ ಅಂಗವೈಕಲ್ಯದ ಕಥೆಗಳನ್ನು ಲೋಕವೇ ಕೇಳಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ತನ್ನ ಹಿತ್ತಿಲಿನ ಸೊಪ್ಪನ್ನು ಮಕ್ಕಳಿಗೆ ಬಡಿಸಲು ತಾಯಿಯೊಬ್ಬಳು ಹೆದರಬೇಕಾಗಿ ಬಂದುದು ನಮ್ಮ ಅಡುಗೆಯ ಚರಿತ್ರೆಯ ಅತ್ಯಂತ ದುಃಖದ ಅಧ್ಯಾಯ.

ಈಗ ಭಾಷೆಯ ವಿಚಾರಕ್ಕೆ ಬರುತ್ತೇನೆ. ನಾನು ಪಾಠ ಹೇಳುವ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಮನೆಯ ಸುತ್ತಲಿನ ತಿನ್ನುವ ಗಿಡಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ತರಲು ಹೇಳಿದ್ದೆ. ಅಜ್ಜಿ ಇರುವ ಮನೆಯ ಮಕ್ಕಳು ಎರಡು ಪುಟ ತುಂಬಿಸಿ ತಂದರು. ಪೇಟೆಯ ಬಾಡಿಗೆಮನೆಯ ಮಕ್ಕಳು ತಂದುದು ಅಂಗಡಿಯ ಚೀಟಿಯಲ್ಲಿರುವ ಹೆಸರುಗಳನ್ನು. ಕನ್ನಡ ಮಾತಾಡುವುದರಲ್ಲಿ ಇಬ್ಬರಿಗೂ ಭೇದವಿಲ್ಲ. ಆದರೆ ಕುಂಟಲಕುಡಿ, ಸಾಂಬಾರಬಳ್ಳಿ, ಬೀಂಬುಳಿ, ಉಪ್ಪುಸೊಳೆ ಎಂಬ ಮಾತುಗಳು ಒಬ್ಬರಿಗೆ ರುಚಿಯ ನೆನಪು, ಮತ್ತೊಬ್ಬರಿಗೆ ಬರಿಯ ಸದ್ದು. ಒಬ್ಬ ಹುಡುಗಿ ತನ್ನ ಪಟ್ಟಿಯಲ್ಲಿ ಕೆಸುವಿಗೆ ಮೂರು ಹೆಸರುಗಳನ್ನು ಬರೆದಿದ್ದಳು: ಕನ್ನಡದಲ್ಲಿ ಕೆಸು, ತುಳುವಿನಲ್ಲಿ ತೇವು, ಮಲಯಾಳದಲ್ಲಿ ಚೇಂಬು. ಆ ದಿನದ ವ್ಯಾಕರಣ ಪಾಠಕ್ಕೆ ಅದೇ ಸಾಮಗ್ರಿಯಾಯಿತು. ಕನ್ನಡದ ಕಿವಿ ಮಲಯಾಳದಲ್ಲಿ ಚೆವಿ, ಕನ್ನಡದ ಗೆಯ್ ಅಲ್ಲಿ ಚೆಯ್. ಹಾಗೆಯೇ ಕೆಸು ಅಲ್ಲಿ ಚೇಂಬು. ಕಕಾರವನ್ನು ಉಳಿಸಿಕೊಂಡುದು ಕನ್ನಡ, ಚಕಾರವಾಗಿಸಿದುದು ಮಲಯಾಳ. ಸೋದರ ಭಾಷೆಗಳ ಸಂಬಂಧವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಬಚ್ಚಲಿನ ಹಿಂದಿನ ಆ ಎಲೆ ಕಲಿಸಿಕೊಟ್ಟಿತು. ಏಳು ಭಾಷೆಗಳ ಸಂಗಮಭೂಮಿಯೆನಿಸಿದ ನಮ್ಮ ಸೀಮೆಯಲ್ಲಿ ಬೇಲಿಯ ಮೇಲಿನಿಂದ ಬಸಳೆಯ ಬಳ್ಳಿ ಕೈಬದಲಾಯಿಸಿದಂತೆ ಅದರ ಹೆಸರುಗಳೂ ಕೈಬದಲಾಯಿಸಿದವು. ಗಡಿನಾಡಿನ ಕನ್ನಡ ಬೆಳೆದುದು ಹೀಗೆ, ನೆರೆಯವರೊಡನೆ ಕೊಟ್ಟು ಕೊಂಡು.

ನಾವು ಭಾಷೆಯ ಉಳಿವಿಗೆಂದು ಸಭೆ ಸೇರುತ್ತೇವೆ, ನಿರ್ಣಯಗಳನ್ನು ಅಂಗೀಕರಿಸುತ್ತೇವೆ, ಮನವಿಗಳನ್ನು ಸಲ್ಲಿಸುತ್ತೇವೆ. ಅವು ನಡೆಯಲೇಬೇಕು. ಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ ಹೋರಾಡದೆ ಗತಿಯಿಲ್ಲ. ಆದರೆ ಸರ್ಕಾರದ ಯಾವ ಆಜ್ಞೆಗೂ ಕಾಯದೆ ಮನೆಮನೆಯಲ್ಲಿ ಮಾಡಬಹುದಾದ ಕೆಲಸವೂ ಉಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮ ಮಟ್ಟಿಗಾದರೂ ಸುಳ್ಳುಮಾಡಬೇಕು. ಇದಕ್ಕಾಗಿ ಸಂಘದ ಮುಂದೆ ಎರಡು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇನೆ. ನಮ್ಮ ಸೀಮೆಯ ಕಾಯಿಪಲ್ಯಗಳ, ಅಡುಗೆಗಳ, ಅಡುಗೆಯ ಉಪಕರಣಗಳ ಹೆಸರುಗಳನ್ನು ಹಿರಿಯ ಹೆಂಗಸರಿಂದಲೇ ಕೇಳಿ, ಎಲ್ಲ ಜಾತಿ ಮತಗಳ ಮನೆಗಳಿಂದಲೂ ಸಂಗ್ರಹಿಸಿ, ಒಂದು ಶಬ್ದಕೋಶವನ್ನು ಪ್ರಕಟಿಸಬೇಕು. ಪ್ರತಿಯೊಂದು ಹೆಸರಿನೊಡನೆ ಬೇಯಿಸುವ ಕ್ರಮವೂ ಇರಲಿ. ಎರಡನೆಯದಾಗಿ, ವಾರ್ಷಿಕೋತ್ಸವದ ದಿನ ಬರುವ ಸದಸ್ಯರು ತಮ್ಮ ಮನೆಯ ಬೀಜವನ್ನು ಒಂದೊಂದು ಪೊಟ್ಟಣದಲ್ಲಿ ತಂದು, ಅದರ ಮೇಲೆ ಊರಿನ ಹೆಸರನ್ನೂ ಗಿಡದ ಹೆಸರನ್ನೂ ಕನ್ನಡದಲ್ಲಿ ಬರೆದು ಪರಸ್ಪರ ಹಂಚಿಕೊಳ್ಳಲಿ. ಇದಕ್ಕೆ ಹಣ ಬೇಕಿಲ್ಲ. ಪತ್ತನಾಜೆಗೆ ಮೊದಲು ಆ ಪೊಟ್ಟಣಗಳು ಮಕ್ಕಳ ಕೈಸೇರಿದರೆ, ಮಳೆಗಾಲ ಮುಗಿಯುವುದರೊಳಗೆ ಅವರ ನಾಲಗೆಗೆ ಹೊಸ ರುಚಿಯೂ ಹಳೆಯ ಮಾತೂ ಒಟ್ಟಿಗೆ ಬಂದಾವು.